ಗೋಡೆಗೆ ಎಷ್ಟು, ಪೆಟ್ಟಿಗೆಗೆ ಎಷ್ಟು: ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಜಪಾನೀ ಮರದಚ್ಚಿನ ಚಿತ್ರಗಳು

1921ರಲ್ಲಿ ಸ್ಪಾಲ್ಡಿಂಗ್ ಸಹೋದರರು ತಮ್ಮಲ್ಲಿದ್ದ ಸುಮಾರು 6,500 ಜಪಾನೀ ಮರದಚ್ಚಿನ ಚಿತ್ರಗಳನ್ನು ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಕೊಡುವಾಗ ಒಂದು ಷರತ್ತು ಹಾಕಿದರು: ಇವುಗಳಲ್ಲಿ ಒಂದನ್ನೂ ಎಂದಿಗೂ ಪ್ರದರ್ಶನಕ್ಕೆ ಇಡಬಾರದು. ವಿಚಿತ್ರವೆನಿಸಬಹುದು. ಆದರೆ 18ನೇ ಶತಮಾನದ ಜಪಾನೀ ಚಿತ್ರಗಳ ಬಣ್ಣ ಹೊಸದರಲ್ಲಿ ಹೇಗಿತ್ತು ಎಂದು ತಿಳಿಯಬೇಕಾದವರು ಇವತ್ತಿಗೂ ಆ ಸಂಗ್ರಹದ ಬಾಗಿಲಿಗೇ ಹೋಗುತ್ತಾರೆ.

ಸ್ಪಾಲ್ಡಿಂಗರ ಪರವಾಗಿ 1913ರಲ್ಲಿ ಜಪಾನಿಗೆ ಹೋಗಿ ಚಿತ್ರ ಕೊಂಡುತಂದವರು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಅವರು ತಮಗಾಗಿಯೂ ಸಾವಿರಗಟ್ಟಲೆ ಕೊಂಡಿದ್ದರು. 1920ರ ದಶಕದ ಕೊನೆಯಲ್ಲಿ ಸಾಲ ತೀರಿಸಲಾಗದೆ ಆ ಚಿತ್ರಗಳು ವಿಸ್ಕಾನ್ಸಿನ್‌ನ ಒಂದು ಬ್ಯಾಂಕಿನ ವಶವಾದವು. ಅವುಗಳಲ್ಲಿ ದೊಡ್ಡ ಪಾಲನ್ನು ಕೊಂಡವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ಬರ್ ವ್ಯಾನ್ ವ್ಲೆಕ್. ಅವರ ಮಗ ಜಾನ್ ವ್ಯಾನ್ ವ್ಲೆಕ್ 1977ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ಮಗನ ಉಯಿಲಿನಂತೆ 1980ರಲ್ಲಿ ಸಂಗ್ರಹ ಮ್ಯಾಡಿಸನ್ ಊರಿನ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಬಂತು. ಆಗ ಅದರ ಹೆಸರು ಎಲ್ವೆಹೆಮ್, 2005ರಿಂದ ಚೇಜನ್. ಇಂದು ಅಲ್ಲಿರುವ ಜಪಾನೀ ಮರದಚ್ಚಿನ ಚಿತ್ರಗಳು ನಾಲ್ಕು ಸಾವಿರಕ್ಕೂ ಹೆಚ್ಚು.

ಹೀಗೆ ಒಬ್ಬರ ಕೈಯಿಂದಲೇ ಹಾದುಬಂದ ಎರಡು ಸಂಗ್ರಹಗಳಲ್ಲಿ ಒಂದು ಪ್ರದರ್ಶನದಿಂದ ಶಾಶ್ವತವಾಗಿ ದೂರ. ಇನ್ನೊಂದು ವಿದ್ಯಾರ್ಥಿಗಳ ನಡುವೆ ಇದೆ. ವಿಶ್ವವಿದ್ಯಾಲಯಕ್ಕೆ ಸ್ಪಾಲ್ಡಿಂಗರ ಷರತ್ತು ಹೊಂದುವುದಿಲ್ಲ, ಪಾಠಕ್ಕೆ ಸಿಗದ ಚಿತ್ರ ಅಲ್ಲಿ ಇದ್ದೂ ಇಲ್ಲದಂತೆ. ಹಾಗೆಂದು ಎಣ್ಣೆಬಣ್ಣದ ಚಿತ್ರದಂತೆ ವರ್ಷಗಟ್ಟಲೆ ತೂಗುಹಾಕಿದರೆ ಉಳಿಯುವುದು ಬಿಳಿಚಿದ ಕಾಗದ. ಇಂಥ ಸಂಗ್ರಹದ ಕ್ಯುರೇಟರ್ ಮಾಡುವ ಕೆಲಸದ ಬಹುಪಾಲು ಈ ಎರಡರ ನಡುವಿನ ಲೆಕ್ಕಾಚಾರ.

ಬಣ್ಣ ಯಾಕೆ ನಿಲ್ಲುವುದಿಲ್ಲ

ಬಹುವರ್ಣದ ಮುದ್ರಣ 1765ರ ಸುಮಾರಿಗೆ, ಚಿತ್ರಕಾರ ಸುಜುಕಿ ಹರುನೊಬು ಕಾಲದಲ್ಲಿ ರೂಢಿಗೆ ಬಂತು. ಚಿತ್ರಕಾರ ಬರೆದ ಹಾಳೆಯನ್ನು ಕೆತ್ತುವವನು ಚೆರಿ ಮರದ ಹಲಗೆಗೆ ಅಂಟಿಸಿ ಕೊರೆಯುತ್ತಿದ್ದ. ರೇಖೆಗೆ ಒಂದು ಹಲಗೆಯಾದರೆ ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು. ಮುದ್ರಿಸುವವನು ಹಲಗೆಗೆ ನೀರಿನಲ್ಲಿ ಕಲೆಸಿದ ಬಣ್ಣ ಹಚ್ಚಿ, ತೇವ ಮಾಡಿದ ಹಾಳೆಯನ್ನು ಅದರ ಮೇಲೆ ಹಾಸಿ, ಬಾರೆನ್ ಎಂಬ ದುಂಡನೆಯ ಸಾಧನದಿಂದ ಹಿಂಬದಿಯನ್ನು ಉಜ್ಜುತ್ತಿದ್ದ. ಇದರಲ್ಲಿ ಎಣ್ಣೆ ಇಲ್ಲ, ವಾರ್ನಿಶ್ ಇಲ್ಲ. ಹಿಪ್ಪುನೇರಳೆಯ ಬಳಗದ ಕೊಝೊ ಗಿಡದ ನಾರಿನ ಕಾಗದದೊಳಕ್ಕೆ ಬಣ್ಣ ಇಳಿದು ಕೂರುತ್ತದೆ, ಅದನ್ನು ಕಾಯಲು ಮೇಲೊಂದು ಪದರ ಇರುವುದಿಲ್ಲ.

ಎಲ್ಲ ಬಣ್ಣಕ್ಕೂ ಒಂದೇ ಆಯುಸ್ಸಲ್ಲ. ಆ ಕಾಲದ ತಿಳಿಗೆಂಪು ಬೆನಿ ಬರುತ್ತಿದ್ದುದು ಕುಸುಬೆ ಹೂವಿನ ಎಸಳಿನಿಂದ. ವಿಜಯಪುರ, ಕಲಬುರಗಿ ಕಡೆ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಬೆಳಕಿಗೆ ಇದು ಬೇಗ ಸೋಲುತ್ತದೆ. ಇದಕ್ಕಿಂತ ನಾಜೂಕಾದದ್ದು ಐಗಾಮಿ ಎಂಬ ನೀಲಿ, ನಮ್ಮ ಕನ್ನೆ ಸೊಪ್ಪಿನ ಕುಲಕ್ಕೇ ಸೇರಿದ ಗಿಡವೊಂದರ ಹೂವಿನ ರಸ. ಬೆಳಕಿಗೂ ನಿಲ್ಲುವುದಿಲ್ಲ, ನೀರಿಗೂ ನಿಲ್ಲುವುದಿಲ್ಲ. ಕಿಮೋನೊ ಬಟ್ಟೆಗೆ ಬಣ್ಣ ಹಾಕುವವರು ಮೊದಲ ಗುರುತಿನ ಗೆರೆಗಳನ್ನು ಇದರಲ್ಲೇ ಎಳೆಯುತ್ತಾರೆ, ಆಮೇಲೆ ತೊಳೆದರೆ ಗೆರೆ ಹೋಗಿಬಿಡುತ್ತದೆ ಎಂಬ ಕಾರಣಕ್ಕೆ. ಹರುನೊಬು ಚಿತ್ರಗಳಲ್ಲಿ ಇಂದು ಮಾಸಿದ ಹಳದಿ-ಬೂದು ಬಣ್ಣವಾಗಿ ಕಾಣುವ ಆಕಾಶ, ನೀರು ಎಷ್ಟೋ ಕಡೆ ಮೂಲದಲ್ಲಿ ನೀಲಿ. ಈ ನೀಲಿಗೆ ಕುಸುಬೆ ಕೆಂಪು ಬೆರೆಸಿ ಮಾಡಿದ ನೇರಳೆ ಕಂದು ಬಣ್ಣವಾಗಿ ಉಳಿಯುತ್ತದೆ.

ನೀಲಿಗಿಡದ ಬಣ್ಣ ಇವಕ್ಕಿಂತ ಗಟ್ಟಿ. 1830ರ ಹೊತ್ತಿಗೆ ಧಾರಾಳವಾಗಿ ಬಳಕೆಗೆ ಬಂದ ಪ್ರಷ್ಯನ್ ನೀಲಿ ಬೆಳಕಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ. ಚಿತ್ರಕಾರ ಹೊಕುಸಾಯ್ ಅವರ ಫ್ಯೂಜಿ ಬೆಟ್ಟದ ಸರಣಿ ಇಂದಿಗೂ ನೀಲಿಯಾಗಿರುವುದು ಅದರಿಂದ. ಆದರೆ ಅದಕ್ಕೆ ಕ್ಷಾರ ಆಗದು. ಸಿಂಧೂರ, ಅಂದರೆ ಸೀಸದ ಕೆಂಪು, ಗಾಳಿಯಲ್ಲಿ ಗಂಧಕದ ಅಂಶವಿದ್ದರೆ ಕಪ್ಪಾಗುತ್ತದೆ. ಹಳದಿಯ ಹರಿದಳ ಆರ್ಸೆನಿಕ್ ಇರುವ ಖನಿಜ, ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. ಚಿತ್ರವನ್ನು ಎಷ್ಟು ಹೊತ್ತು ಹೊರಗಿಡಬಹುದು ಎಂದು ನಿರ್ಧರಿಸುವುದು ಅದರಲ್ಲಿರುವ ಅತ್ಯಂತ ದುರ್ಬಲ ಬಣ್ಣ. ಹಾಗಾಗಿ 1770ರ ಚಿತ್ರಕ್ಕೂ 1835ರ ಚಿತ್ರಕ್ಕೂ ಒಂದೇ ನಿಯಮ ಹಾಕುವುದು ದಡ್ಡತನ.

ಬೆಳಕಿನ ಲೆಕ್ಕ

ಹಾನಿಯನ್ನು ಅಳೆಯುವ ಮಾನ ಲಕ್ಸ್-ಗಂಟೆ: ಲಕ್ಸ್ ಎಂಬ ಮಾನದಲ್ಲಿ ಅಳೆದ ಬೆಳಕಿನ ಪ್ರಮಾಣವನ್ನು ಹೊತ್ತಿನಿಂದ ಗುಣಿಸಿದ್ದು. ಕಾಗದದ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಇಡುವ ಮಿತಿ 50 ಲಕ್ಸ್. ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆಯಂತೆ 12 ವಾರದ ಪ್ರದರ್ಶನವೆಂದರೆ 576 ಗಂಟೆ. 50ರಿಂದ ಗುಣಿಸಿದರೆ 28,800 ಲಕ್ಸ್-ಗಂಟೆ.

ಇದು ಹೆಚ್ಚೋ ಕಡಿಮೆಯೋ? ಬಣ್ಣಗಳ ಸೂಕ್ಷ್ಮತೆಯನ್ನು ಹೋಲಿಸಲು ‘ಬ್ಲೂ ವುಲ್’ ಎಂಬ 1ರಿಂದ 8ರವರೆಗಿನ ಮಾಪಕವಿದೆ. ಅತಿ ದುರ್ಬಲವಾದ 1ನೇ ದರ್ಜೆಯ ಬಣ್ಣದಲ್ಲಿ ಕಣ್ಣಿಗೆ ಕಾಣುವಷ್ಟು ಮೊದಲ ಬದಲಾವಣೆಗೆ ಸುಮಾರು 3,00,000 ಲಕ್ಸ್-ಗಂಟೆ ಸಾಕು. ಅದೂ ಅತಿನೇರಳೆ ಕಿರಣವನ್ನು ಪೂರ್ತಿ ಸೋಸಿದ್ದರೆ. 2ನೇ ದರ್ಜೆಗೆ 10 ಲಕ್ಷ, 3ನೆಯದಕ್ಕೆ 30 ಲಕ್ಷ. ಐಗಾಮಿ ಇರುವ ಹಾಳೆಯನ್ನು 1ನೇ ದರ್ಜೆಯದೆಂದೇ ಎಣಿಸುವುದು ಕ್ಷೇಮ. ಹಾಗಾದರೆ 12 ವಾರದ ಪ್ರದರ್ಶನಗಳು ಹತ್ತಾದರೆ ಚಿತ್ರ ಒಂದು ಮೆಟ್ಟಿಲು ಇಳಿಯಿತು. ಐದು ವರ್ಷಕ್ಕೊಮ್ಮೆ ತೋರಿಸಿದರೆ ಆ ಮೆಟ್ಟಿಲಿಗೆ 50 ವರ್ಷ. 150 ಲಕ್ಸ್‌ನಲ್ಲಿ ಇಟ್ಟರೆ ಅದೇ ಹಾನಿ 17 ವರ್ಷದೊಳಗೆ. ಕಿಟಕಿ ಪಕ್ಕದ 2,000 ಲಕ್ಸ್‌ನಲ್ಲಿ 150 ಗಂಟೆ. ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಲ್ಲಿ ಮೂರೇ ಗಂಟೆ, ಬಿಸಿಲಿನ ಅತಿನೇರಳೆ ಕಿರಣವೂ ಸೇರಿದರೆ ಅಷ್ಟೂ ಬೇಡ.

ಇಲ್ಲಿ ಬಹಳ ಜನ ಎಡವುವ ಒಂದು ಮಾತಿದೆ. ಪ್ರದರ್ಶನದ ನಂತರ ಚಿತ್ರವನ್ನು ನಾಲ್ಕೈದು ವರ್ಷ ಕತ್ತಲಲ್ಲಿಡುವುದನ್ನು ‘ವಿಶ್ರಾಂತಿ’ ಎನ್ನುವ ರೂಢಿಯಿದೆ. ಕತ್ತಲಲ್ಲಿ ಬಣ್ಣ ಚೇತರಿಸಿಕೊಳ್ಳುವುದಿಲ್ಲ. ಇದು ಬರೀ ಖರ್ಚು ಬರೆಯುವ ಖಾತೆ, ಜಮೆಯ ಕಾಲಂ ಇಲ್ಲ. ಜಪಾನಿನಲ್ಲಿ ಸರ್ಕಾರ ಗುರುತಿಸಿದ ಅಮೂಲ್ಯ ಕೃತಿಗಳನ್ನು ಸಾಮಾನ್ಯವಾಗಿ ವರ್ಷಕ್ಕೆ 60 ದಿನಕ್ಕಿಂತ ಹೆಚ್ಚು ತೋರಿಸಬಾರದು ಎಂಬ ಮಾರ್ಗಸೂಚಿಯ ಹಿಂದಿರುವುದೂ ಇದೇ ತರ್ಕ. ನಿಯಮ ಚೆನ್ನಾಗಿದೆ, ಆದರೆ ದಿನಗಳನ್ನಷ್ಟೇ ಎಣಿಸಿ ಲಕ್ಸ್ ಅಳೆಯದಿದ್ದರೆ ಅರ್ಧ ಲೆಕ್ಕವಾಯಿತು. ಪ್ರತಿ ಹಾಳೆಯ ದಾಖಲೆಯಲ್ಲೂ ಎಲ್ಲಿ, ಎಷ್ಟು ದಿನ, ಎಷ್ಟು ಲಕ್ಸ್ ಎಂಬ ಮೂರೂ ಇರಬೇಕು. ಎರವಲು ಕೊಟ್ಟ ಕಡೆಯಿಂದಲೂ ಆ ಅಂಕಿಗಳನ್ನು ಬರೆಸಿಕೊಳ್ಳಬೇಕು.

ದರ್ಜೆ ಊಹಿಸಲು ಇಷ್ಟವಿಲ್ಲದಿದ್ದರೆ ಪರೀಕ್ಷೆಯೇ ಇದೆ. ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಚುಕ್ಕೆಯ ಮೇಲೆ ತೀವ್ರ ಬೆಳಕು ಬಿಟ್ಟು, ಬಣ್ಣ ಬದಲಾಗುವ ವೇಗವನ್ನು ಯಂತ್ರ ಅಳೆಯುತ್ತದೆ. ಬರಿಗಣ್ಣಿಗೆ ಗುರುತು ಕಾಣುವ ಮೊದಲೇ ನಿಲ್ಲಿಸಬಹುದು. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಈ ಯಂತ್ರ ಇರುವುದಿಲ್ಲ. ಇಲ್ಲದಿದ್ದರೆ ದುರ್ಬಲವೆಂದೇ ನಂಬಿ ನಡೆಯಬೇಕು.

ಅಧ್ಯಯನ ಕೊಠಡಿ ಯಾಕೆ ಅಗ್ಗ

ಈಗ ಅದೇ ಲೆಕ್ಕವನ್ನು ತರಗತಿಗೆ ಹಾಕಿ ನೋಡಿ. ಅಧ್ಯಯನ ಕೊಠಡಿಯ ಮೇಜಿನ ಮೇಲೆ 300 ಲಕ್ಸ್ ಇದೆ ಎಂದಿಟ್ಟುಕೊಳ್ಳೋಣ, ಗ್ಯಾಲರಿಯ ಆರು ಪಟ್ಟು. ಒಂದು ಗಂಟೆಯ ಪಾಠಕ್ಕೆ ಚಿತ್ರದಿಂದ ಕಳೆಯುವುದು 300 ಲಕ್ಸ್-ಗಂಟೆ. ಅಂದರೆ 12 ವಾರದ ಒಂದು ಪ್ರದರ್ಶನದ ಬೆಳಕಿನಲ್ಲಿ 96 ತರಗತಿಗಳು ನಡೆಯುತ್ತವೆ! ಗ್ಯಾಲರಿಯಲ್ಲಿ ಯಾರೂ ನೋಡದ ಹೊತ್ತಿನಲ್ಲೂ ದೀಪ ಉರಿಯುತ್ತಿರುತ್ತದೆ, ಮೇಜಿನ ಮೇಲೆ ಹಾಗಲ್ಲ. ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಮೊದಲ ಹಣ ಬಂದಾಗ ಹೊಸ ಗ್ಯಾಲರಿಗಿಂತ ಮೊದಲು ಒಳ್ಳೆಯ ಅಧ್ಯಯನ ಕೊಠಡಿ ಕಟ್ಟಬೇಕು ಎನ್ನುವುದಕ್ಕೆ ಈ ಒಂದು ಗುಣಾಕಾರ ಸಾಕು.

ಇನ್ನೊಂದು ಲಾಭವೂ ಇದೆ. ಗಾಜಿನ ಹಿಂದೆ ನೇರ ಬೆಳಕಿನಲ್ಲಿ ಕಾಣದ ಸಂಗತಿಗಳು ಕೈಗೆಟುಕುವ ದೂರದಲ್ಲಿ ಕಾಣುತ್ತವೆ: ಬಣ್ಣವಿಲ್ಲದೆ ಬರೀ ಒತ್ತಿ ಮೂಡಿಸಿದ ಹಿಮದ ಉಬ್ಬು, ಹಿನ್ನೆಲೆಯಲ್ಲಿ ಮಿನುಗುವ ಅಭ್ರಕ, ಕಪ್ಪು ಬಟ್ಟೆಯ ಮೇಲೆ ಉಜ್ಜಿ ತಂದ ಹೊಳಪಿನ ನೇಯ್ಗೆ. ಪಕ್ಕದಿಂದ ಓರೆಯಾಗಿ ಬೆಳಕು ಬೀಳಬೇಕು, ನೋಡುವವರು ತಲೆ ಆಡಿಸಬೇಕು. ಹಾಳೆಯ ಬೆನ್ನಿನಲ್ಲಿ ಬಾರೆನ್ ಉಜ್ಜಿದ ಸುರುಳಿ ಗುರುತುಗಳಿರುತ್ತವೆ. ಮುದ್ರಕನ ಕೈ ಹೇಗೆ ಓಡಿತು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಅಪಾಯ ಇರುವುದು ಕೈಗಳಲ್ಲಿ. ಒಂದು ಗಂಟೆಯ ತರಗತಿಗೆ ಎಂಟರಿಂದ ಹನ್ನೆರಡು ಹಾಳೆ ಸಾಕು, ಹೆಚ್ಚಾದರೆ ಎತ್ತಿಡುವ ಅವಸರದಲ್ಲೇ ಮೂಲೆ ಮಡಿಯುತ್ತದೆ. ವಿದ್ಯಾರ್ಥಿಗಳ ಚೀಲ, ನೀರಿನ ಬಾಟಲಿ, ಪೆನ್ನು ಹೊರಗೆ. ಒಳಗೆ ಪೆನ್ಸಿಲ್ ಮಾತ್ರ. ಕೈ ತೊಳೆದು ಪೂರ್ತಿ ಒರೆಸಿರಬೇಕು, ಕ್ರೀಮ್ ಹಚ್ಚಿರಬಾರದು. ಹತ್ತಿಯ ಕೈಗವಸು ಇಲ್ಲಿ ಬೇಡ, ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿಯುತ್ತದೆ. ಕೈಗವಸು ಬೇಕಾಗುವುದು ಲೋಹಕ್ಕೆ, ಉರುಶಿ ಎಂಬ ಜಪಾನೀ ಮರರಸದ ಮೆರುಗಿನ ವಸ್ತುಗಳಿಗೆ. ಹಾಳೆಯನ್ನು ಅದನ್ನು ಹಿಡಿಸಿದ ರಟ್ಟಿನ ಫಲಕ, ಅಂದರೆ ಮ್ಯಾಟ್‌ನೊಂದಿಗೇ ಎತ್ತಬೇಕು. ಬರಿ ಹಾಳೆಯನ್ನು ಎತ್ತಲೇಬೇಕಾದರೆ ಎದುರುಬದುರು ಮೂಲೆಗಳನ್ನು ಹಿಡಿದು ಎತ್ತಬೇಕು. ಒಂದರ ಮೇಲೊಂದನ್ನು ಜಾರಿಸಿದರೆ ಅಭ್ರಕ ಉದುರುತ್ತದೆ. ಮಾತಾಡುವಾಗ ಚಿತ್ರದ ಮೇಲೆ ಬಾಗಬಾರದು. ಎಂಜಲಿನ ಒಂದು ಹನಿ ಐಗಾಮಿ ನೀಲಿಯಲ್ಲಿ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

ಪೆಟ್ಟಿಗೆಯೊಳಗೆ

ಸಾಮಾನ್ಯವಾದ ಓಬಾನ್ ಅಳತೆಯ ಹಾಳೆ ಸುಮಾರು 39 × 26 ಸೆಂಟಿಮೀಟರ್. ಅದಕ್ಕೆ ಎರಡು ಫಲಕದ ಮ್ಯಾಟ್: ಹಿಂದೆ ಗಟ್ಟಿ ರಟ್ಟು, ಮುಂದೆ ಕಿಟಕಿ ಕೊರೆದ ರಟ್ಟು. ರಟ್ಟು ಹತ್ತಿ ನಾರಿನದಾಗಿರಬೇಕು, ಆಮ್ಲರಹಿತವಾಗಿರಬೇಕು. ಇಲ್ಲೊಂದು ಬಲೆಯಿದೆ. ಅಂಗಡಿಯಲ್ಲಿ ಆಮ್ಲರಹಿತವೆಂದು ಸಿಗುವ ಬಹಳಷ್ಟು ರಟ್ಟಿಗೆ ಸುಣ್ಣದ ಕಾರ್ಬೊನೇಟ್ ಸೇರಿಸಿ ಸ್ವಲ್ಪ ಕ್ಷಾರ ಮಾಡಿರುತ್ತಾರೆ. ಬೇರೆ ಕಾಗದಗಳಿಗೆ ಅದು ಒಳ್ಳೆಯದೇ. ಪ್ರಷ್ಯನ್ ನೀಲಿ ಇರುವ ಚಿತ್ರಕ್ಕೆ ಕ್ಷಾರ ಸೇರಿಸದ ತಟಸ್ಥ ರಟ್ಟನ್ನೇ ಕೇಳಿ ತರಿಸಬೇಕು.

ಹಾಳೆಯನ್ನು ರಟ್ಟಿಗೆ ಹಿಡಿಸುವುದು ಮೇಲಿನ ಅಂಚಿನಲ್ಲಿ ಎರಡು ಪುಟ್ಟ ಕೊಝೊ ಕಾಗದದ ಪಟ್ಟಿಗಳಿಂದ, ಗೋಧಿ ಪಿಷ್ಟದ ಅಂಟಿನಿಂದ. ನಾಲ್ಕೂ ಬದಿ ಅಂಟಿಸಿದರೆ ಹವೆ ಬದಲಾದಾಗ ಹಿಗ್ಗಿ ಕುಗ್ಗಲು ಜಾಗವಿಲ್ಲದೆ ಹಾಳೆ ಸುಕ್ಕಾಗುತ್ತದೆ, ಇಲ್ಲವೇ ಹರಿಯುತ್ತದೆ. ಯಾವುದೇ ಅಂಟುಟೇಪು ಬೇಡ. ಅದರ ಅಂಟು ಕಾಲಾಂತರದಲ್ಲಿ ಕಾಗದದೊಳಕ್ಕೆ ಇಳಿದು ಎಣ್ಣೆಕಲೆಯಂತೆ ನಿಲ್ಲುತ್ತದೆ. ಮ್ಯಾಟ್‌ಗಳ ಹೊರ ಅಳತೆಯನ್ನು ಎರಡೋ ಮೂರೋ ಗಾತ್ರಕ್ಕೆ ಸೀಮಿತಗೊಳಿಸಿದರೆ ಅವೇ ಚೌಕಟ್ಟುಗಳನ್ನು ಪ್ರತಿ ಪ್ರದರ್ಶನಕ್ಕೂ ಬಳಸಬಹುದು. ಸಣ್ಣ ಮ್ಯೂಸಿಯಂಗೆ ಇದರಿಂದ ಆಗುವ ಉಳಿತಾಯ ಚಿಕ್ಕದಲ್ಲ.

ತೇವಾಂಶದ ಗುರಿ ಶೇ. 50ರ ಆಸುಪಾಸು, ಶೇ. 65 ದಾಟಿದರೆ ಬೂಷ್ಟಿನ ಭಯ. ಮ್ಯಾಡಿಸನ್ನಿನಂಥ ಊರಲ್ಲಿ ತೊಂದರೆ ಉಲ್ಟಾ. ಚಳಿಗಾಲದಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಹೊರಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 10ಕ್ಕಿಂತ ಕೆಳಗಿಳಿಯುತ್ತದೆ. ಅದನ್ನು 50ಕ್ಕೆ ಏರಿಸಲು ಹೋದರೆ ತಣ್ಣಗಿನ ಹೊರಗೋಡೆಯಲ್ಲಿ ನೀರು ಒಸರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಗುರಿಯನ್ನು 40ರ ಸುಮಾರಿಗೆ ನಿಧಾನವಾಗಿ ಇಳಿಸುವುದು ಜಾಣತನ. ಮ್ಯಾಟ್ ಮತ್ತು ಮುಚ್ಚಿದ ಪೆಟ್ಟಿಗೆಯೊಳಗಿನ ಹಾಳೆಗಳು ಇಂಥ ನಿಧಾನದ ಬದಲಾವಣೆಯನ್ನು ತಾಳಿಕೊಳ್ಳುತ್ತವೆ. ಅದೇ ಕಟ್ಟಡದಲ್ಲಿ ಜಪಾನೀ ಸುರುಳಿಚಿತ್ರಗಳಿದ್ದರೆ ಅವುಗಳಿಗೆ ಪ್ರತ್ಯೇಕ ಬೀರು ಬೇಕು. ಪದರ ಪದರವಾಗಿ ಕಾಗದ, ರೇಷ್ಮೆ ಅಂಟಿಸಿ ಮಾಡಿದ ಅವು ಒಣಗಾಳಿಯಲ್ಲಿ ಬಿಗಿದು, ಸುತ್ತುವಾಗ ಅಡ್ಡಕ್ಕೆ ಬಿರಿಯುತ್ತವೆ.

ಇದು ಯಾವಾಗಿನದು, ಎಷ್ಟನೆಯ ಮುದ್ರಣ

ಒಂದೇ ಹಲಗೆಯಿಂದ ನೂರಾರು, ಜನಪ್ರಿಯವಾದರೆ ಸಾವಿರಾರು ಹಾಳೆ ಇಳಿಯುತ್ತಿದ್ದವು. ಆಮೇಲೆ ಮರುಕೆತ್ತನೆಯ ಪ್ರತಿಗಳು ಬಂದವು. ಹಾಗಾಗಿ ಹಿರೋಶಿಗೆ ಎಂಬ ಚಿತ್ರಕಾರನ ಹಾಳೆಯನ್ನು ಬರೀ ‘ಹಿರೋಶಿಗೆ ಚಿತ್ರ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ.

ಮೊದಲು ನೋಡುವುದು ಮೊಹರು. ಆಗ ಚಿತ್ರಗಳನ್ನು ಮುದ್ರಣಕ್ಕೆ ಮುಂಚೆ ತಪಾಸಣೆಗೆ ಒಪ್ಪಿಸಬೇಕಿತ್ತು, ಒಪ್ಪಿಗೆಯ ಮೊಹರು ಹಲಗೆಯಲ್ಲೇ ಕೆತ್ತಲಾಗುತ್ತಿತ್ತು. 1790ರ ದಶಕದ ಆರಂಭದಿಂದ 1842ರವರೆಗೆ ‘ಕಿವಾಮೆ’ ಎಂಬ ದುಂಡು ಮೊಹರು. ಅಲ್ಲಿಂದ ಮುಂದೆ ಸುಮಾರು 1847ರವರೆಗೆ ತಪಾಸಣೆಗಾರನ ಹೆಸರಿನ ಒಂಟಿ ಮೊಹರು, ಆಮೇಲೆ 1852ರವರೆಗೆ ಎರಡು ಹೆಸರು. 1852ರಿಂದ ವರ್ಷದ ಪ್ರಾಣಿ ಮತ್ತು ತಿಂಗಳ ಸಂಖ್ಯೆ ಇರುವ ದಿನಾಂಕದ ಮೊಹರು ಸಿಗುತ್ತದೆ. ಹಿರೋಶಿಗೆ ಅವರ ಎದೊ (ಇಂದಿನ ಟೋಕಿಯೊ) ನಗರದ ನೂರು ನೋಟಗಳ ಸರಣಿಯಲ್ಲಿ ಡ್ರ್ಯಾಗನ್ ಇದ್ದರೆ 1856, ಹಾವಾದರೆ 1857, ಕುದುರೆಯಾದರೆ 1858. ಎರಡು ಎಚ್ಚರಿಕೆ: ಪ್ರಾಣಿಗಳು 12 ವರ್ಷಕ್ಕೊಮ್ಮೆ ಮರಳುತ್ತವೆ, ಮತ್ತು ತಿಂಗಳು ಚಾಂದ್ರಮಾನದ್ದು. 12ನೇ ತಿಂಗಳೆಂದಿದ್ದರೆ ನಮ್ಮ ಕ್ಯಾಲೆಂಡರಿನಲ್ಲಿ ಮರುವರ್ಷದ ಜನವರಿ ಆಗಿರಬಹುದು.

ಮೊಹರು ಹೇಳುವುದು ಹಲಗೆಯ ವಯಸ್ಸು, ಹಾಳೆಯದಲ್ಲ. ಹಾಳೆ ಮೊದಮೊದಲಿನದೋ ಎಂದು ತಿಳಿಯಲು ರೇಖೆ ನೋಡಬೇಕು: ಕೂದಲಿನಂಥ ಗೆರೆಗಳು ಚೂಪಾಗಿ ಅಖಂಡವಾಗಿವೆಯೋ, ಸವೆದು ದಪ್ಪವಾಗಿ ಅಲ್ಲಲ್ಲಿ ಮುರಿದಿವೆಯೋ. ಕೆಲವೊಮ್ಮೆ ಹಲಗೆಯನ್ನೇ ಬದಲಿಸಿರುತ್ತಾರೆ. ಹಿರೋಶಿಗೆ ಅವರದೇ ತೊಕಾಯ್ದೊ ಹೆದ್ದಾರಿಯ ಸರಣಿಯಲ್ಲಿ ಜೋರು ಮಳೆ ಹೊಯ್ಯುವ ಶೋನೊ ಚಿತ್ರದ ಆರಂಭದ ಮುದ್ರಣಗಳಲ್ಲಿ ಕೊಡೆಯ ಮೇಲೆ ಸರಣಿಯ ಮತ್ತು ಪ್ರಕಾಶಕನ ಹೆಸರು ಬರೆದಿರುತ್ತದೆ, ನಂತರದವುಗಳಲ್ಲಿ ಇಲ್ಲ. ಬಣ್ಣವೂ ಸಾಕ್ಷಿ ಹೇಳುತ್ತದೆ. 1770ರದೆಂದು ಹೇಳುವ ಹಾಳೆಯಲ್ಲಿ ಕಣ್ಣಿಗೆ ರಾಚುವ ಅನಿಲೀನ್ ಎಂಬ ಕೃತಕ ಬಣ್ಣದ ನೇರಳೆ ಕಂಡರೆ ಅದು 1860ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ರೈಟ್ ಮೂಲಕ ಬಂದ ಸಂಗ್ರಹಗಳಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. 1919ರ ಸುಮಾರಿಗೆ ಅವರು ಜಪಾನಿನಿಂದ ತಂದು ಮಾರಿದ ಚಿತ್ರಗಳಲ್ಲಿ ಕೆಲವಕ್ಕೆ ಹೊಸದಾಗಿ ಬಣ್ಣ ಮುದ್ರಿಸಲಾಗಿತ್ತು ಎಂದು ತಿಳಿದು ದೊಡ್ಡ ಗದ್ದಲವಾಯಿತು. ಇವು ನಕಲಿಯಲ್ಲ, ಆದ್ದರಿಂದಲೇ ಹಿಡಿಯುವುದು ಕಷ್ಟ. ರೇಖೆಗಳು, ಕಾಗದ, ಮೊಹರು ಎಲ್ಲ ಅಸಲಿ, ಮಾಸಿದ ಬಣ್ಣದ ಮೇಲೆ ಹೊಸ ಹಲಗೆ ಕೆತ್ತಿ ಮತ್ತೆ ಒತ್ತಿರುತ್ತಾರೆ. ಭೂತಗನ್ನಡಿಯಲ್ಲಿ ಹುಳು ತಿಂದ ತೂತಿನ ಒಳ ಅಂಚು ನೋಡಬೇಕು. ಬಣ್ಣ ಆ ಅಂಚಿನೊಳಕ್ಕೆ ಇಳಿದಿದ್ದರೆ ಹುಳು ಮೊದಲು ಬಂತು, ಬಣ್ಣ ಆಮೇಲೆ. ಹಳೆಯ ಮಡಿಕೆ, ಕೊಳೆಯ ಮೇಲೆ ಬಣ್ಣ ಕೂತಿದ್ದರೂ ಅದೇ ತೀರ್ಮಾನ. ಕುಸುಬೆ ಕೆಂಪು ತಾಜಾ ಇದ್ದು ಅದೇ ಹಾಳೆಯ ಗಟ್ಟಿ ಬಣ್ಣಗಳು ಮಂಕಾಗಿದ್ದರೂ ಅನುಮಾನಿಸಬೇಕು. ಹೀಗೆ ಸಿಕ್ಕ ಹಾಳೆಯನ್ನು ಬಚ್ಚಿಡುವ ಬದಲು ಪಾಠಕ್ಕೆ ಬಳಸುವುದು ಮೇಲು, ಕಣ್ಣು ಪಳಗಲು ಅದಕ್ಕಿಂತ ಒಳ್ಳೆಯ ಹಾಳೆ ಸಿಗುವುದಿಲ್ಲ.

ಕ್ಯಾಟಲಾಗಿನ ತಲೆನೋವು ಹೆಸರುಗಳದ್ದು. ಹೊಕುಸಾಯ್ ತಮ್ಮ ಆಯುಸ್ಸಿನಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರಿನಿಂದ ಸಹಿ ಹಾಕಿದವರು. ಕುನಿಸಾದ 1844ರಲ್ಲಿ ಗುರುವಿನ ಹೆಸರು ತಳೆದು ತಮ್ಮನ್ನು ಎರಡನೇ ತೊಯೊಕುನಿ ಎಂದುಕೊಂಡರು, ಇಂದು ಎಲ್ಲರೂ ಅವರನ್ನು ಮೂರನೆಯವರೆಂದು ಎಣಿಸುತ್ತಾರೆ. ಹಾಳೆಯ ಮೇಲಿನ ಸಹಿಗೆ ಒಂದು ಅಂಕಣ, ಚಿತ್ರಕಾರನ ಒಪ್ಪಿತ ಹೆಸರಿಗೆ ಇನ್ನೊಂದು ಇರಲೇಬೇಕು. ಎರಡನ್ನೂ ಒಂದರಲ್ಲೇ ತುರುಕಿದರೆ ಒಬ್ಬನ ಚಿತ್ರಗಳು ಮೂರು ಕಡೆ ಚದುರಿಹೋಗುತ್ತವೆ.

ಗೋಡೆಗೆ ಬರುವ ಹೊತ್ತು

ಇಷ್ಟಾದ ಮೇಲೆ ಪ್ರದರ್ಶನ. ಸರಣಿ ಪೂರ್ತಿ ತೋರಿಸುವ ಆಸೆ ದೊಡ್ಡದು, ತೊಕಾಯ್ದೊ ಸರಣಿಯ 55 ಹಾಳೆಗಳನ್ನು ಸಾಲಾಗಿ ನೋಡುವ ಸೊಗಸೇ ಬೇರೆ. ಆದರೆ ಒಂದೇ ಸಲಕ್ಕೆ ಇಡೀ ಸರಣಿಯ ಬೆಳಕು ಖರ್ಚಾಗಿ, ಮುಂದಿನ ಐದು ವರ್ಷ ಬೇರೆ ಯಾವ ವಿಷಯಕ್ಕೂ ಒಂದು ಹಾಳೆಯೂ ಸಿಗದಂತಾಗುತ್ತದೆ. ಅರ್ಧ ಸರಣಿಯನ್ನು ಮೊದಲ ಆರು ವಾರ, ಉಳಿದರ್ಧವನ್ನು ಮುಂದಿನ ಆರು ವಾರ ತೋರಿಸುವುದು ಒಳ್ಳೆಯ ದಾರಿ, ಪ್ರತಿ ಹಾಳೆಗೆ ತಗಲುವುದು 14,400 ಲಕ್ಸ್-ಗಂಟೆ ಮಾತ್ರ. ಒಂದೇ ಚಿತ್ರದ ಎರಡು ಪ್ರತಿ ಇದ್ದರೆ ಹೆಚ್ಚಾಯಿತೆಂದು ಮಾರುವ ಯೋಚನೆ ಆಡಳಿತದವರಿಗೆ ಬರುವುದುಂಟು. ಅದನ್ನು ತಡೆಯಬೇಕು. ಮೊದಲ ಮತ್ತು ನಂತರದ ಮುದ್ರಣವನ್ನು ಅಕ್ಕಪಕ್ಕ ಇಟ್ಟು ಕಲಿಸುವುದಕ್ಕೆ ಎರಡೂ ಬೇಕು.

50 ಲಕ್ಸ್ ಕತ್ತಲೆಂದು ನೋಡಲು ಬಂದವರು ಗೊಣಗುತ್ತಾರೆ. ಬಿಸಿಲಿನಿಂದ ನೇರ ಒಳಬಂದರೆ ಹಾಗನಿಸುವುದು ಸಹಜ. ಬಾಗಿಲಿನಿಂದ ಗ್ಯಾಲರಿವರೆಗೆ ಬೆಳಕನ್ನು ಎರಡು ಮೂರು ಹಂತದಲ್ಲಿ ಇಳಿಸಿ ಕಣ್ಣಿಗೆ ಕೆಲವು ನಿಮಿಷ ಕೊಟ್ಟರೆ ದೂರು ಅರ್ಧ ಇಳಿಯುತ್ತದೆ. ವಯಸ್ಸಾದವರಿಗೆ ಹೆಚ್ಚು ಬೆಳಕು ಬೇಕು ಎಂಬುದು ನಿಜ. ಅವರಿಗಾಗಿ ವಿವರಫಲಕದ ಅಕ್ಷರ ದೊಡ್ಡದಾಗಿ, ಗಾಢವಾಗಿ ಇರಲಿ, ಅದಕ್ಕೆ ಬೇರೆಯದೇ ದೀಪ ಇರಲಿ. ಜನ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳುವ ದೀಪ ಹಾಕಿದರೆ ಖರ್ಚು ಇನ್ನೂ ತಗ್ಗುತ್ತದೆ.

ಚೌಕಟ್ಟಿಗೆ ಗಾಜು ಹಾಕಬೇಕೋ ಅಕ್ರಿಲಿಕ್ ಹಾಕಬೇಕೋ ಎಂಬುದಕ್ಕೂ ಕಾರಣ ಬೇಕು. ಅಕ್ರಿಲಿಕ್ ಸುಲಭಕ್ಕೆ ಒಡೆಯುವುದಿಲ್ಲ, ಹಗುರ. ಆದರೆ ಒರೆಸಿದಾಗ ಸ್ಥಿರವಿದ್ಯುತ್ ಹುಟ್ಟಿ ಸಡಿಲವಾದ ಅಭ್ರಕವನ್ನು ಎಳೆದುಕೊಳ್ಳುತ್ತದೆ. ಅಭ್ರಕದ ಹಿನ್ನೆಲೆಯಿರುವ ಚಿತ್ರಕ್ಕೆ ಗಾಜೇ ಸರಿ. ಪೆಟ್ಟಿಗೆಯಲ್ಲಿ ಮಲಗಿಸಿ ತೋರಿಸುವುದಾದರೆ ಒಳಹಾಸು ಉಣ್ಣೆಯದಾಗಿರಬಾರದು, ಅಂಚಿನ ಪಟ್ಟಿ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರಿನದಾಗಿರಬಾರದು. ಎರಡೂ ಬಿಡುವ ಗಂಧಕದ ಆವಿ ಮೂರೇ ತಿಂಗಳ ಪ್ರದರ್ಶನದಲ್ಲೂ ಸಿಂಧೂರದ ಮೇಲೆ ಕೆಲಸ ಶುರುಮಾಡಬಲ್ಲದು. ಹಸಿ ಪ್ಲೈವುಡ್ ಆಮ್ಲದ ಆವಿ ಬಿಡುತ್ತದೆ. ಬಣ್ಣ ಬಳಿದ ಪೆಟ್ಟಿಗೆಯನ್ನು ಕೆಲವು ವಾರ ತೆರೆದಿಟ್ಟು ಗಾಳಿಯಾಡಿಸಿದ ಮೇಲೆಯೇ ಹಾಳೆ ಒಳಗಿಡಬೇಕು. ಉದ್ಘಾಟನೆಯ ದಿನಾಂಕ ಮೊದಲೇ ಮುದ್ರಿಸಿ, ಬಡಗಿಗೆ ಕೊನೆಗೆ ಹೇಳುವ ಕಡೆಗಳಲ್ಲಿ ತಪ್ಪಿಹೋಗುವುದು ಈ ವಾರಗಳೇ.